ಏನು ಬೇಕಾದರೂ ಮಾಡಬಹುದಾದ ಆಟ

ಎಂಬತ್ತರ ದಶಕದ ಆರಂಭದಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ತಾವು ಬರೆಯುತ್ತಿದ್ದ ಕಂಪ್ಯೂಟರ್ ಆಟವನ್ನು ಥಾರ್ನ್ ಇಎಂಐ ಎಂಬ ದೊಡ್ಡ ಕಂಪನಿಗೆ ತೋರಿಸಿದರು. ಒಬ್ಬ ಡೇವಿಡ್ ಬ್ರಾಬೆನ್, ಇನ್ನೊಬ್ಬ ಇಯಾನ್ ಬೆಲ್. ಕಂಪನಿ ಆಟವನ್ನು ನೋಡಿ ಬೇಡ ಎಂದಿತು. ಅದು ಕೊಟ್ಟ ಕಾರಣಗಳು ಅಂದಿನ ಕಾಲಕ್ಕೆ ನ್ಯಾಯವಾಗಿಯೇ ಇದ್ದವು. ಆಟಗಾರನಿಗೆ ಮೂರು ಜೀವ ಇರಬೇಕು, ಅಂಕ ಇರಬೇಕು, ಒಂದು ಸಲದ ಆಟ ಹತ್ತು ನಿಮಿಷದ ಒಳಗೆ ಮುಗಿಯಬೇಕು. ಈ ಹುಡುಗರ ಆಟದಲ್ಲಿ ಇವು ಯಾವುವೂ ಇರಲಿಲ್ಲ. ಒಂದು ಸಣ್ಣ ಗಗನನೌಕೆ, ಕೈಯಲ್ಲಿ ನೂರು ಕ್ರೆಡಿಟ್ ದುಡ್ಡು, ಮುಂದೆ ಆಕಾಶ. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ಹೇಳುವವರೇ ಇಲ್ಲ.

ಮೂರು ಜೀವ, ಹತ್ತು ನಿಮಿಷ ಎಂಬ ಲೆಕ್ಕ ಬಂದದ್ದು ನಾಣ್ಯದ ಪೆಟ್ಟಿಗೆಯಿಂದ. ಆಗಿನ ವಿಡಿಯೋ ಗೇಮ್ ಎಂದರೆ ಮುಖ್ಯವಾಗಿ ಆರ್ಕೇಡಿನ ಯಂತ್ರ. ನಾಣ್ಯ ಹಾಕಿದರೆ ಆಟ ಶುರು. ಆಟಗಾರ ಬೇಗ ಸತ್ತರೆ ಇನ್ನೊಂದು ನಾಣ್ಯ, ಹಿಂದೆ ಸಾಲಿನಲ್ಲಿ ನಿಂತವನಿಗೆ ಜಾಗ. ಹಾಗಾಗಿ ಆಟದ ಕೆಲಸವೇ ಆಟಗಾರನನ್ನು ಆದಷ್ಟು ಬೇಗ, ಆದರೆ ಅವನಿಗೆ ಬೇಸರವಾಗದಂತೆ, ಹೊರಗೆ ಕಳಿಸುವುದು. ಮನೆಯ ಕಂಪ್ಯೂಟರಿಗೆ ಬಂದಾಗಲೂ ಆಟಗಳು ಇದೇ ಅಚ್ಚನ್ನು ಹೊತ್ತು ಬಂದವು. ಮನೆಯಲ್ಲಿ ನಾಣ್ಯವಿಲ್ಲ, ಸಾಲಿಲ್ಲ. ಆದರೂ ಮೂರು ಜೀವ.

ಆಟ ಆಡಿದ ಬಹುತೇಕ ಎಲ್ಲರೂ ಒಂದಲ್ಲ ಒಂದು ಸಲ ಇದಕ್ಕೆ ವಿರುದ್ಧವಾದ ಆಟವೊಂದನ್ನು ಮನಸ್ಸಿನಲ್ಲಿ ಕಟ್ಟಿರುತ್ತಾರೆ. ಅದರಲ್ಲಿ ಕಂಡ ಬಾಗಿಲೆಲ್ಲ ತೆರೆಯುತ್ತದೆ, ಎದುರು ಸಿಕ್ಕವರೆಲ್ಲ ಮಾತಾಡುತ್ತಾರೆ, ಬೆಟ್ಟದ ಆಚೆಗೂ ಊರಿರುತ್ತದೆ, ಮಾಡಿದ್ದಕ್ಕೆ ಫಲವಿರುತ್ತದೆ. ಈ ಕನಸಿನ ಆಟವನ್ನು ಬರೀ ಕನಸಾಗಿ ಬಿಡದೆ ಕಟ್ಟಲು ಹೊರಟವರದ್ದು ನಲವತ್ತು ವರ್ಷಗಳ ಚರಿತ್ರೆ. ಅದರಲ್ಲಿ ಹಣ ಕಳೆದವರಿದ್ದಾರೆ, ಮಾತಿಗೆ ತಪ್ಪಿದವರೆನಿಸಿಕೊಂಡವರಿದ್ದಾರೆ, ಯೌವನವನ್ನೇ ಕೊಟ್ಟವರಿದ್ದಾರೆ.

ಮೂವತ್ತೆರಡು ಕಿಲೋಬೈಟಿನ ಆಕಾಶ

ಬ್ರಾಬೆನ್ ಮತ್ತು ಬೆಲ್ ಬರೆದ ಆಟದ ಹೆಸರು 'ಎಲೀಟ್'. ಕೊನೆಗೆ ಅದನ್ನು ಅಕಾರ್ನ್‌ಸಾಫ್ಟ್ ಕಂಪನಿ 1984ರ ಸೆಪ್ಟೆಂಬರಿನಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಬಿಡುಗಡೆ ಮಾಡಿತು. ಇದೇ ಬಿಬಿಸಿ ಮೈಕ್ರೋ ಎಂಬತ್ತರ ದಶಕದ ನಡುವೆ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯ ಮೂಲಕ ಭಾರತದ ಶಾಲೆಗಳಿಗೂ ಬಂದಿತ್ತು. ಆ ತಲೆಮಾರಿನ ಎಷ್ಟೋ ವಿದ್ಯಾರ್ಥಿಗಳು ಮೊದಲ ಬಾರಿಗೆ ಕಂಪ್ಯೂಟರಿನ ಕೀಲಿ ಒತ್ತಿದ್ದು ಅದರ ಮೇಲೆಯೇ.

ಆ ಯಂತ್ರದ ಮೆಮೊರಿ 32 ಕಿಲೋಬೈಟ್. ಈ ಲೇಖನದ ಅಕ್ಷರಗಳನ್ನು ಇಂದಿನ ರೀತಿಯಲ್ಲಿ ಕನ್ನಡದ ಕಡತವಾಗಿ ಉಳಿಸಿದರೆ ಅದಕ್ಕೂ ಅಷ್ಟು ಜಾಗ ಸಾಲುವುದಿಲ್ಲ. ಅದರಲ್ಲೂ ಒಂದು ಪಾಲನ್ನು ಪರದೆಯ ಚಿತ್ರವೇ ನುಂಗುತ್ತಿತ್ತು. ಇಂಥ ಇಕ್ಕಟ್ಟಿನಲ್ಲಿ 'ಎಲೀಟ್' ಎಂಟು ನಕ್ಷತ್ರಪುಂಜಗಳನ್ನು ಇಟ್ಟಿತ್ತು. ಒಂದೊಂದರಲ್ಲಿ 256 ಲೋಕಗಳು, ಒಟ್ಟು 2,048. ಪ್ರತಿ ಲೋಕಕ್ಕೂ ಹೆಸರು, ಸರ್ಕಾರ, ಕಸುಬು, ಜನಸಂಖ್ಯೆ, ಅಲ್ಲಿನ ಪೇಟೆಯ ಧಾರಣೆ.

ಇಷ್ಟನ್ನು ಬರೆದಿಡಲು ಜಾಗವಿರಲಿಲ್ಲ. ಹಾಗಾಗಿ ಅವರು ಬರೆದಿಡಲಿಲ್ಲ. ಮೂರು ಸಂಖ್ಯೆಗಳನ್ನು ಮಾತ್ರ ಇಟ್ಟುಕೊಂಡರು. ಮೂರನ್ನೂ ಕೂಡಿದರೆ ನಾಲ್ಕನೆಯದು ಬರುತ್ತದೆ. ಮೊದಲನೆಯದನ್ನು ಬಿಟ್ಟು ಮತ್ತೆ ಕೂಡಿದರೆ ಐದನೆಯದು. ಹೀಗೆ ಹುಟ್ಟುವ ಸಂಖ್ಯೆಗಳಿಂದಲೇ ಲೋಕದ ಹೆಸರು, ಅದರ ಸ್ಥಾನ, ಅದರ ಸರ್ಕಾರ ಎಲ್ಲವೂ ನಿರ್ಧಾರವಾಗುತ್ತಿದ್ದವು. ಬೀಜ ಅದೇ ಆಗಿರುವುದರಿಂದ ಎಷ್ಟು ಸಲ ಹೋದರೂ ಅದೇ ಲೋಕ ಅಲ್ಲೇ ಸಿಗುತ್ತದೆ. ಛಂದಸ್ಸು ಓದಿದವರಿಗೆ ಇದರ ಹತ್ತಿರದ ನಂಟು ಗೊತ್ತು. ಲಘು ಗುರುಗಳಿಂದ ಇಂತಿಷ್ಟು ಮಾತ್ರೆಯ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂಬ ಪ್ರಶ್ನೆಗೆ ವಿರಹಾಂಕ, ಹೇಮಚಂದ್ರರು ಕೊಟ್ಟ ಉತ್ತರ ಇಂಥದೇ: ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಒಂದು, ಎರಡು, ಮೂರು, ಐದು, ಎಂಟು. ಸಣ್ಣ ನಿಯಮವೊಂದು ತನ್ನ ಹೊಟ್ಟೆಯಲ್ಲಿ ದೊಡ್ಡ ಪ್ರಸ್ತಾರವನ್ನು ಇಟ್ಟುಕೊಂಡಿರುತ್ತದೆ.

ಬ್ರಾಬೆನ್ ಮತ್ತು ಬೆಲ್ ಮೊದಲು ಎಂಟು ನಕ್ಷತ್ರಪುಂಜಗಳಿಗೆ ನಿಲ್ಲಬೇಕೆಂದಿರಲಿಲ್ಲ. ಅದೇ ವಿಧಾನದಿಂದ ಕೋಟಿ ಕೋಟಿ ಪುಂಜಗಳನ್ನು ಮಾಡಬಹುದಿತ್ತು, ಅವರು ಮಾಡಲು ಹೊರಟೂ ಇದ್ದರು. ತಡೆದದ್ದು ಅಕಾರ್ನ್‌ಸಾಫ್ಟ್. ಅಷ್ಟು ದೊಡ್ಡ ಸಂಖ್ಯೆ ಕೇಳಿದರೆ ಆಟಗಾರನಿಗೆ ಇವೆಲ್ಲ ಲೆಕ್ಕದ ಕೈಚಳಕ ಎಂದು ಗೊತ್ತಾಗಿಬಿಡುತ್ತದೆ ಎಂಬುದು ಅವರ ವಾದ. ಒಂದೇ ಬಗೆಯ ಊರುಗಳು ಸಾವಿರ ಇದ್ದರೆ ಬೆರಗು. ಕೋಟಿ ಇದ್ದರೆ ಬೇಸರ. ಮುಂದಿನ ತಲೆಮಾರಿನ ಕನಸುಗಾರರು ಈ ಮಾತನ್ನು ಹಲವು ಸಲ ಮರೆತು, ಹಲವು ಸಲ ದುಬಾರಿ ಬೆಲೆ ತೆತ್ತು ಮತ್ತೆ ಕಲಿತರು.

'ಎಲೀಟ್' ಆಡಿದವರು ಆಕಾಶದ ಗಾತ್ರಕ್ಕಿಂತ ಹೆಚ್ಚಾಗಿ ತಮ್ಮ ಬದುಕನ್ನು ನೆನಪಿಟ್ಟುಕೊಂಡರು. ಒಂದು ಲೋಕದಲ್ಲಿ ಅಗ್ಗಕ್ಕೆ ಸಿಗುವ ಧಾನ್ಯವನ್ನು ಇನ್ನೊಂದರಲ್ಲಿ ಮಾರಿ ಬೇಳೆ ಬೇಯಿಸಿಕೊಳ್ಳಬಹುದು. ಕಾನೂನು ಮೀರಿದ ಸರಕು ಸಾಗಿಸಿ ಬೇಗ ದುಡ್ಡು ಮಾಡಬಹುದು, ಆಗ ಪೊಲೀಸರು ಬೆನ್ನು ಹತ್ತುತ್ತಾರೆ. ದರೋಡೆಕೋರನೂ ಆಗಬಹುದು, ದರೋಡೆಕೋರರನ್ನು ಬೇಟೆಯಾಡುವವನೂ ಆಗಬಹುದು. ಆಟ ಯಾವುದನ್ನೂ ಹೇರುವುದಿಲ್ಲ. ಆರಿಸಿಕೊಂಡದ್ದಕ್ಕೆ ತಕ್ಕ ಉತ್ತರ ಕೊಡುತ್ತದೆ, ಅಷ್ಟೆ.

ಯೊಕೊಸುಕಾದ ಮಳೆ

ಹದಿನೈದು ವರ್ಷಗಳ ನಂತರ ಜಪಾನಿನಲ್ಲಿ ಇದೇ ಕನಸಿಗೆ ಕೈ ಹಾಕಿದವರು ಯು ಸುಜುಕಿ. ನಾಣ್ಯದ ಯಂತ್ರಗಳ ಲೋಕದಲ್ಲಿ ಅವರು ದೊಡ್ಡ ಹೆಸರು. 1983ರಲ್ಲಿ ಸೆಗಾ ಕಂಪನಿ ಸೇರಿ 'ಹ್ಯಾಂಗ್ ಆನ್', 'ಔಟ್ ರನ್', 'ವರ್ಚುವಾ ಫೈಟರ್' ಆಟಗಳನ್ನು ಮಾಡಿದವರು. ಕೆಲವೇ ನಿಮಿಷಗಳಲ್ಲಿ ಮುಗಿಯುವ ಆಟಗಳನ್ನು ಮಾಡುವುದರಲ್ಲಿ ಪಳಗಿದವರಿಗೆ, ತಿಂಗಳುಗಟ್ಟಲೆ ಬಾಳಬಹುದಾದ ಒಂದು ಊರನ್ನು ಕಟ್ಟಬೇಕೆಂಬ ಆಸೆ ಹುಟ್ಟಿತು.

ಆ ಆಟ 'ಶೆನ್ಮೂ'. 1999ರ ಡಿಸೆಂಬರಿನಲ್ಲಿ ಸೆಗಾದ ಡ್ರೀಮ್‌ಕಾಸ್ಟ್ ಯಂತ್ರಕ್ಕೆ ಬಂತು. ಕಥೆ ನಡೆಯುವುದು 1986ರ ಯೊಕೊಸುಕಾ ಎಂಬ ಬಂದರು ಊರಿನಲ್ಲಿ. ರ್‍ಯೊ ಹಜುಕಿ ಎಂಬ ಹದಿಹರೆಯದ ಹುಡುಗ ತನ್ನ ತಂದೆಯ ಕೊಲೆಯನ್ನು ಕಣ್ಣಾರೆ ನೋಡುತ್ತಾನೆ, ಕೊಂದವನನ್ನು ಹುಡುಕಿ ಹೊರಡುತ್ತಾನೆ. ಸೇಡಿನ ಕಥೆ ಸಾಧಾರಣವಾದದ್ದೇ. ಅಸಾಧಾರಣವಾದದ್ದು ಊರು. ಮನೆಯ ಮೇಜಿನ ಖಾನೆ ಎಳೆದರೆ ಒಳಗೆ ಇರಬೇಕಾದ್ದು ಇದೆ. ಫೋನ್ ಎತ್ತಿ ನಂಬರು ತಿರುಗಿಸಬಹುದು. ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಮುಚ್ಚಿ ಮನೆಗೆ ಹೋಗುತ್ತಾರೆ. ಊರಿನ ನೂರಾರು ಜನರಿಗೆ ಅವರವರ ದಿನಚರಿಯಿದೆ, ಅವರವರ ಧ್ವನಿಯಿದೆ. ಒಂದು ಆಯ್ಕೆಯಲ್ಲಿ, 1986ರಲ್ಲಿ ನಿಜವಾದ ಯೊಕೊಸುಕಾದಲ್ಲಿ ಯಾವ ದಿನ ಮಳೆ ಬಂದಿತ್ತೋ ಆಟದಲ್ಲೂ ಆ ದಿನ ಮಳೆ. ಆರ್ಕೇಡಿಗೆ ಹೋದರೆ ಸುಜುಕಿಯವರೇ ಮಾಡಿದ ಹಳೆಯ ಆಟಗಳನ್ನು ಅಲ್ಲಿ ಆಡಬಹುದು. ದುಡ್ಡು ಬೇಕಾದರೆ ಬಂದರಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸವಿದೆ. ದಿನಾ ಹೊತ್ತಿಗೆ ಸರಿಯಾಗಿ ಹೋಗಬೇಕು. ಯಾರನ್ನಾದರೂ ಭೇಟಿಯಾಗಲು ಸಂಜೆಯವರೆಗೆ ಕಾಯಬೇಕಾದರೆ ನಿಜಕ್ಕೂ ಕಾಯಬೇಕು.

ಇದರಲ್ಲಿ ನಿಯಮದಿಂದ ತಾನಾಗಿ ಹುಟ್ಟಿದ್ದು ಬಹಳ ಕಡಿಮೆ. ಪ್ರತಿ ಖಾನೆಯನ್ನೂ ಯಾರೋ ಕೂತು ಮಾಡಿದ್ದಾರೆ, ಪ್ರತಿ ಮಾತನ್ನೂ ಯಾರೋ ಬರೆದು ಇನ್ಯಾರೋ ಆಡಿದ್ದಾರೆ. 'ಎಲೀಟ್' ಬಿತ್ತಿ ಬೆಳೆದ ಹೊಲವಾದರೆ 'ಶೆನ್ಮೂ' ಕಲ್ಲು ಕಲ್ಲನ್ನೂ ಕೆತ್ತಿ ನಿಲ್ಲಿಸಿದ ದೇವಸ್ಥಾನ. ದೇವಸ್ಥಾನಕ್ಕೆ ರಾಜನ ಬೊಕ್ಕಸ ಬೇಕು. ಎರಡನೆಯ ಭಾಗದ ಒಂದಷ್ಟು ಕೆಲಸವೂ ಸೇರಿ ಇದಕ್ಕೆ ಸುಮಾರು 4.7 ಕೋಟಿ ಡಾಲರ್ ಖರ್ಚಾಯಿತೆಂದು ಸುಜುಕಿ ಮುಂದೆ ಹೇಳಿದರು. ಅಲ್ಲಿಯವರೆಗೆ ಒಂದು ಆಟಕ್ಕೆ ಅಷ್ಟು ಹಣ ಹಾಕಿದ ಉದಾಹರಣೆ ಇರಲಿಲ್ಲ. ಸುಮಾರು 12 ಲಕ್ಷ ಪ್ರತಿ ಮಾರಾಟವಾದವು. ಬೇರೆ ಆಟಕ್ಕೆ ಅದು ಹಬ್ಬ, ಇದಕ್ಕೆ ನಷ್ಟ. 2001ರ ಜನವರಿಯಲ್ಲಿ ಸೆಗಾ ಡ್ರೀಮ್‌ಕಾಸ್ಟ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಾರಿತು. ಅದಕ್ಕೆ ಈ ಒಂದು ಆಟವೇ ಕಾರಣವಲ್ಲ, ಕಂಪನಿಯ ತೊಂದರೆಗಳು ಹಳೆಯವು. ಆದರೆ ಇಂಥ ಖರ್ಚನ್ನು ಮತ್ತೆ ಹೊರುವ ಶಕ್ತಿ ಅದಕ್ಕೆ ಉಳಿಯಲಿಲ್ಲ.

ಎರಡನೆಯ ಭಾಗ 2001ರಲ್ಲಿ ಬಂತು. ಕಥೆ ಒಂದು ಗುಹೆಯೊಳಗೆ ಅರ್ಧಕ್ಕೆ ನಿಂತಿತು. ಅಭಿಮಾನಿಗಳು ಹದಿನಾಲ್ಕು ವರ್ಷ ಕಾದರು. 2015ರಲ್ಲಿ ಸುಜುಕಿ ನೇರವಾಗಿ ಜನರ ಮುಂದೆ ಜೋಳಿಗೆ ಹಿಡಿದಾಗ 69 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 63 ಲಕ್ಷ ಡಾಲರ್ ಕೊಟ್ಟರು. 2019ರ ನವೆಂಬರಿನಲ್ಲಿ ಮೂರನೆಯ ಭಾಗ ಬಂತು. ಅದರಲ್ಲೂ ಕಥೆ ಮುಗಿಯಲಿಲ್ಲ. ಪುಟ್ಟ ಬೆಕ್ಕಿನ ಮರಿಗೆ ಹಾಲು ಹಾಕಿದ್ದನ್ನು, ಮಳೆಯಲ್ಲಿ ಸುಮ್ಮನೆ ಬೀದಿ ಸುತ್ತಿದ್ದನ್ನು ನೆನೆದು ದುಡ್ಡು ಕೊಟ್ಟವರಿಗೆ, ತಂದೆಯನ್ನು ಕೊಂದವನಿಗೆ ಏನಾಯಿತು ಎಂಬುದು ಇನ್ನೂ ಗೊತ್ತಿಲ್ಲ.

ಚದುರಂಗದ ಮನೆಯ ಕಾಳು

ಅಷ್ಟರಲ್ಲಿ ಕನಸು ಮಾರುವ ರೀತಿಯೂ ಬದಲಾಯಿತು. ಆಟ ಮಾಡುವ ಮೊದಲೇ ಅದರ ವರ್ಣನೆ ತೋರಿಸಿ ಹಣ ಸಂಗ್ರಹಿಸುವುದು ಸಾಧ್ಯವಾಯಿತು. 2012ರಲ್ಲಿ ಕ್ರಿಸ್ ರಾಬರ್ಟ್ಸ್ 'ಸ್ಟಾರ್ ಸಿಟಿಜನ್' ಎಂಬ ಗಗನಯಾನದ ಆಟಕ್ಕೆ ಹೀಗೆ ಹಣ ಕೇಳಿದರು. ಹತ್ತು ವರ್ಷಗಳಲ್ಲಿ ಸೇರಿದ ಮೊತ್ತ 50 ಕೋಟಿ ಡಾಲರ್ ದಾಟಿತು. ಆಡಲು ಕೆಲವು ಭಾಗಗಳು ಸಿಕ್ಕವು. ಪೂರ್ತಿಯಾದ ಆಟ ಆಗಲೂ ಬಂದಿರಲಿಲ್ಲ. ಕನಸಿನ ಪಟ್ಟಿಗೆ ದಿನಾ ಒಂದೊಂದು ಸೇರುತ್ತಿದ್ದರೆ ಮುಗಿಯುವುದು ಹೇಗೆ?

ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಸಣ್ಣ ತಂಡ 'ಎಲೀಟ್' ಹಾದಿ ಹಿಡಿಯಿತು. ಅವರ 'ನೋ ಮ್ಯಾನ್ಸ್ ಸ್ಕೈ' ಆಟದಲ್ಲಿ 18,446,744,073,709,551,616 ಗ್ರಹಗಳು. ಈ ಸಂಖ್ಯೆ ನಮಗೆ ಅಪರಿಚಿತವಲ್ಲ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ರಾಜನನ್ನು ಬೇಡಿದವನ ಕಥೆಯಲ್ಲಿ ಅರವತ್ನಾಲ್ಕು ಮನೆಗೆ ಒಟ್ಟು ಬರುವ ಕಾಳು ಇದಕ್ಕಿಂತ ಒಂದೇ ಒಂದು ಕಡಿಮೆ. ಆ ಕಥೆಯ ರಾಜನಿಗೆ ಆದದ್ದೇ 2016ರ ಆಗಸ್ಟಿನಲ್ಲಿ ಆಟಗಾರರಿಗೂ ಆಯಿತು. ಕೇಳಲು ಚೆಂದವಿದ್ದ ಸಂಖ್ಯೆ ಅನುಭವಕ್ಕೆ ಬಂದಾಗ ಬೇರೆಯಾಗಿತ್ತು. ಗ್ರಹಗಳೇನೋ ಇದ್ದವು, ಅಲ್ಲಿ ಮಾಡುವುದಕ್ಕೆ ಹೆಚ್ಚು ಏನೂ ಇರಲಿಲ್ಲ. ಹೇಳಿದ್ದೆಲ್ಲ ಆಟದಲ್ಲಿಲ್ಲ ಎಂದು ಜನ ಸಿಟ್ಟಾದರು. ತಂಡ ಬಹುಕಾಲ ಮೌನವಾಗಿದ್ದು, ವರ್ಷಗಟ್ಟಲೆ ಉಚಿತವಾಗಿ ಹೊಸ ಭಾಗಗಳನ್ನು ಸೇರಿಸುತ್ತ ಹೋಗಿ ಕಳೆದ ಮಾನವನ್ನು ಗಳಿಸಿಕೊಂಡಿತು. ಹೀಗೆ ಸೇರಿಸಿದ ಭಾಗಗಳಿಂದ ಮನೆ ಕಟ್ಟುವುದು, ಜೊತೆಗಾರರೊಡನೆ ಆಡುವುದು ಎಲ್ಲ ಸಾಧ್ಯವಾಯಿತು. ಕೊರತೆ ಇದ್ದದ್ದು ಗ್ರಹಗಳದ್ದಾಗಿರಲಿಲ್ಲ.

ಬೆಕ್ಕುಗಳು ಸತ್ತದ್ದೇಕೆ

ಈ ಕನಸನ್ನು ಎಲ್ಲರಿಗಿಂತ ಆಳಕ್ಕೆ ಕೊಂಡೊಯ್ದವರು ಅಮೆರಿಕದ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಝ್ಯಾಕ್ ಆಡಮ್ಸ್, ತಮ್ಮ ಟಾರ್ನ್ ಆಡಮ್ಸ್. ಚಿಕ್ಕಂದಿನಿಂದ ಜೊತೆಯಾಗಿ ಆಟ ಬರೆದವರು. ಟಾರ್ನ್ 2005ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದು ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷವೇ ಆ ಕೆಲಸ ಬಿಟ್ಟರು. 2002ರಿಂದ ಬರೆಯುತ್ತಿದ್ದ ಆಟವೊಂದು ಅವರನ್ನು ಪೂರ್ತಿ ಕೇಳುತ್ತಿತ್ತು. 2006ರ ಆಗಸ್ಟಿನಲ್ಲಿ 'ಡ್ವಾರ್ಫ್ ಫೋರ್ಟ್ರೆಸ್', ಅಂದರೆ ಕುಬ್ಜರ ಕೋಟೆ, ಹೊರಬಂತು. ಪೂರ್ತಿ ಉಚಿತ.

ನೋಡಿದವರಿಗೆ ಅದು ಆಟ ಎನಿಸುತ್ತಿರಲಿಲ್ಲ. ಪರದೆಯ ತುಂಬ ಅಕ್ಷರ, ಚಿಹ್ನೆಗಳು ಮಾತ್ರ. ನಾಯಿಗೆ ಇಂಗ್ಲಿಷಿನ 'ಡಿ' ಅಕ್ಷರ, ಬೆಕ್ಕಿಗೆ 'ಸಿ'. ಯು ಸುಜುಕಿ ಹಣ ಸುರಿದ ಜಾಗದಲ್ಲಿ ಇವರು ಒಂದು ಪೈಸೆಯನ್ನೂ ಹಾಕಲಿಲ್ಲ. ಚಿತ್ರ ಬಿಡಿಸುವ ಹೊರೆ ಇಲ್ಲದ್ದರಿಂದ ಶ್ರಮವೆಲ್ಲ ಒಳಗಿನ ನಿಯಮಗಳಿಗೆ ಹೋಯಿತು. ಆಟ ಶುರುವಾಗುವ ಮೊದಲು ಅದು ಒಂದು ಭೂಮಿಯನ್ನು ಹುಟ್ಟಿಸುತ್ತದೆ. ಬೆಟ್ಟ ಏಳುತ್ತದೆ, ಮಳೆ ಬೀಳುತ್ತದೆ, ನದಿ ಕೊರೆಯುತ್ತದೆ. ಆಮೇಲೆ ಜನಾಂಗಗಳು, ರಾಜ್ಯಗಳು, ಯುದ್ಧಗಳು. ನೂರಾರು ವರ್ಷಗಳ ಚರಿತ್ರೆ. ಯಾರು ಯಾರ ಮಗ, ಯಾವ ಊರು ಯಾರಿಂದ ಸುಟ್ಟುಹೋಯಿತು ಎಲ್ಲವೂ ದಾಖಲು. ಆ ಬಳಿಕ ಏಳು ಜನ ಕುಬ್ಜರು ಒಂದು ಬಂಡಿಯೊಂದಿಗೆ ಬಂದಿಳಿಯುತ್ತಾರೆ. ಅವರು ಗುಡ್ಡ ಕೊರೆದು ಬಾಳುವೆ ಕಟ್ಟಬೇಕು. ಮುಂದೆ ಅವರಲ್ಲೊಬ್ಬ ಗೋಡೆಯ ಮೇಲೆ ಕೆತ್ತಿದ ಚಿತ್ರದಲ್ಲಿ ಆ ಭೂಮಿಯ ಹಳೆಯ ಯುದ್ಧವೊಂದು ಮೂಡಬಹುದು.

ಈ ಆಟಕ್ಕೆ ಗೆಲುವು ಎಂಬುದಿಲ್ಲ. ಕೋಟೆ ಇಂದಲ್ಲ ನಾಳೆ ಬೀಳುತ್ತದೆ: ನೆರೆ ಬಂದು, ಹಸಿವಿನಿಂದ, ಅಥವಾ ಒಬ್ಬನ ದುಃಖ ಊರಿಗೆಲ್ಲ ಹಬ್ಬಿ. ಸೋಲೇ ಮಜ ಎಂಬುದು ಇದರ ಆಟಗಾರರ ಘೋಷವಾಕ್ಯ.

ನಿಯಮಗಳು ಎಷ್ಟು ಆಳಕ್ಕೆ ಇಳಿದಿದ್ದವು ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಬೆಕ್ಕುಗಳದ್ದು. 2015ರ ಕೊನೆಯಲ್ಲಿ ಟಾರ್ನ್ ಆಟಕ್ಕೆ ಹೆಂಡದಂಗಡಿಗಳನ್ನು ಸೇರಿಸಿದರು. ಸ್ವಲ್ಪ ದಿನದಲ್ಲೇ ಆಟಗಾರರಿಂದ ದೂರು: ಅಂಗಡಿಯ ಸುತ್ತ ಬೆಕ್ಕುಗಳು ವಾಂತಿ ಮಾಡಿಕೊಂಡು ಸಾಯುತ್ತಿವೆ. ಬೆಕ್ಕುಗಳಿಗೆ ಯಾರೂ ಹೆಂಡ ಕುಡಿಸಿರಲಿಲ್ಲ. ಟಾರ್ನ್ ಕೋಡ್ ಹುಡುಕುತ್ತ ಹೋದಾಗ ಸಿಕ್ಕಿದ್ದು ಇದು. ಕುಬ್ಜರು ಕುಡಿಯುವಾಗ ಹೆಂಡ ನೆಲಕ್ಕೆ ಚೆಲ್ಲುತ್ತದೆ. ಚೆಲ್ಲಿದ್ದರ ಮೇಲೆ ನಡೆದರೆ ಪಾದಕ್ಕೆ ಅಂಟುತ್ತದೆ. ಬೆಕ್ಕುಗಳು ಮೈ ನೆಕ್ಕಿ ಶುಚಿ ಮಾಡಿಕೊಳ್ಳುತ್ತವೆ ಎಂದು ಬಹಳ ಹಿಂದೆಯೇ ಬರೆದಿದ್ದ ನಿಯಮವಿತ್ತು. ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ. ಎಷ್ಟು ಕುಡಿದರೆ ಎಷ್ಟು ಅಮಲು ಎಂಬುದು ದೇಹದ ಗಾತ್ರದ ಮೇಲೆ ನಿಂತಿದೆ, ಬೆಕ್ಕು ಸಣ್ಣ ಪ್ರಾಣಿ. ಇಷ್ಟರಲ್ಲಿ ತಪ್ಪು ಒಂದೇ: ಪಾದಕ್ಕೆ ಅಂಟಿದ ಹನಿಯನ್ನು ಆಟ ಪೂರ್ತಿ ಒಂದು ಲೋಟವೆಂದು ಎಣಿಸುತ್ತಿತ್ತು. ಉಳಿದ ಕೊಂಡಿಗಳೆಲ್ಲ ಸರಿಯಾಗಿಯೇ ಇದ್ದವು. ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಕಾರಣಕ್ಕೆ ಬರೆದ ನಿಯಮಗಳು ಒಂದರ ಕೈ ಒಂದು ಹಿಡಿದು, ಬರೆದವನೂ ಊಹಿಸದ ಜಾಗಕ್ಕೆ ಹೋಗಿ ನಿಂತಿದ್ದವು.

2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ 'ಮೋಮಾ' ಮೊದಲ ಬಾರಿಗೆ ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿದಾಗ ಆರಿಸಿದ 14 ಆಟಗಳಲ್ಲಿ ಈ ಅಕ್ಷರಗಳ ಆಟವೂ ಇತ್ತು. ಆಗ ಅದನ್ನು ಮಾಡಿದವರ ಆದಾಯ ಅಭಿಮಾನಿಗಳ ಕಾಣಿಕೆ. ದುಡ್ಡು ಕಳಿಸಿದವರಿಗೆ ಅಣ್ಣತಮ್ಮಂದಿರು ಬಣ್ಣದ ಕಡ್ಡಿಯಲ್ಲಿ ಬಿಡಿಸಿದ ಒಂದು ಚಿತ್ರವನ್ನೋ ಒಂದು ಪುಟ್ಟ ಕಥೆಯನ್ನೋ ಬರೆದು ಕಳಿಸುತ್ತಿದ್ದರು. ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಆಮೇಲೆ ಝ್ಯಾಕ್‌ಗೆ ಚರ್ಮದ ಕ್ಯಾನ್ಸರ್ ಬಂತು. ಚಿಕಿತ್ಸೆ ಫಲಿಸಿತು, ಆದರೆ ಅಮೆರಿಕದಲ್ಲಿ ಆಸ್ಪತ್ರೆಯ ಬಿಲ್ಲು ಎಂದರೇನೆಂದು ಇಬ್ಬರಿಗೂ ಗೊತ್ತಾಯಿತು. ಮುಂದೆ ಇಂಥದೇ ಮತ್ತೆ ಬಂದರೆ ಕಾಣಿಕೆಯ ದುಡ್ಡಿನಲ್ಲಿ ಬದುಕುವವರಿಗೆ ಉಳಿಗಾಲವಿಲ್ಲ. 2019ರ ಮಾರ್ಚಿನಲ್ಲಿ ಅವರು ಕಿಟ್‌ಫಾಕ್ಸ್ ಎಂಬ ಸಣ್ಣ ಕಂಪನಿಯ ಜೊತೆ ಸೇರಿ, ಚಿತ್ರಗಳಿರುವ ಆವೃತ್ತಿಯೊಂದನ್ನು ಬೆಲೆಗೆ ಮಾರುವುದಾಗಿ ಸಾರಿದರು. ಹಳೆಯ ಅಕ್ಷರಗಳ ಆಟ ಉಚಿತವಾಗಿಯೇ ಉಳಿಯಿತು. 2022ರ ಡಿಸೆಂಬರ್ 6ರಂದು ಹೊಸದು ಬಂತು. ಆ ತಿಂಗಳು ಮುಗಿಯುವ ಹೊತ್ತಿಗೆ ಸುಮಾರು ಐದು ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಇಪ್ಪತ್ತು ವರ್ಷದ ದುಡಿಮೆಯಲ್ಲಿ ಕಾಣದ ಹಣ ಒಂದು ತಿಂಗಳಲ್ಲಿ ಬಂತು.

ಕಥೆಯಿಂದ ಹಿಂದಕ್ಕೆ

ಆಡಮ್ಸ್ ಸೋದರರ ಕೆಲಸದ ರೀತಿ, ಕನಸಿನ ಆಟ ಕಟ್ಟಬೇಕೆನ್ನುವ ಯಾರಿಗಾದರೂ ಉಪಯೋಗಕ್ಕೆ ಬರುವಂಥದು. ಆಟದಲ್ಲಿ ಏನೇನಿರಬೇಕು ಎಂಬ ಪಟ್ಟಿಯಿಂದ ಅವರು ಶುರು ಮಾಡುತ್ತಿರಲಿಲ್ಲ. ಝ್ಯಾಕ್ ಮೊದಲು ಒಂದು ಸಣ್ಣ ಕಥೆ ಬರೆಯುತ್ತಾರೆ. ಆಮೇಲೆ ಇಬ್ಬರೂ ಕೂತು ಸಾಲು ಸಾಲಾಗಿ ಅದನ್ನು ಬಿಡಿಸುತ್ತಾರೆ. ಈ ಕಥೆ ಆಟದೊಳಗೆ ತಾನಾಗಿಯೇ ನಡೆಯಬೇಕಾದರೆ ಆಟಕ್ಕೆ ಏನೇನು ತಿಳಿದಿರಬೇಕು? ಒಬ್ಬ ಇನ್ನೊಬ್ಬನಿಗೆ ಸುಳ್ಳು ಹೇಳಿದರೆ, ಸುಳ್ಳು ಎಂದರೇನೆಂದು ಆಟಕ್ಕೆ ಗೊತ್ತೇ? ಯಾರಿಗೆ ಯಾವ ಸುದ್ದಿ ತಲುಪಿದೆ, ಯಾರಿಗೆ ತಲುಪಿಲ್ಲ ಎಂಬ ಲೆಕ್ಕ ಅದರ ಬಳಿ ಇದೆಯೇ? ಇಲ್ಲದಿದ್ದರೆ ಅದು ಮುಂದಿನ ಕೆಲಸ.

ಕನ್ನಡದವರು ಇಂಥ ಆಟ ಕಲ್ಪಿಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಬಹುಶಃ ವಿಜಯನಗರ. 'ಶೆನ್ಮೂ' ಹಾದಿಯಲ್ಲಿ ಹೋದರೆ ಬಜಾರಿನ ಕಂಬ ಕಂಬವನ್ನೂ ಕಟ್ಟಬೇಕು, ಪ್ರತಿ ವ್ಯಾಪಾರಿಗೂ ಮಾತು ಬರೆಯಬೇಕು. ಬೊಕ್ಕಸ ಬರಿದಾಗುವ ಹೊತ್ತಿಗೆ ಒಂದು ಬೀದಿ ಮುಗಿದಿರಬಹುದು, ಆ ಬೀದಿ ಮಾತ್ರ ಮರೆಯಲಾಗದಂತೆ ಇರುತ್ತದೆ. ಆಡಮ್ಸ್ ಸೋದರರ ಹಾದಿಯಲ್ಲಿ ಹೋದರೆ ಪ್ರಶ್ನೆಗಳೇ ಬೇರೆ. ತುಂಗಭದ್ರೆಯಿಂದ ಬರುವ ಕಾಲುವೆ ಒಡೆದರೆ ಯಾರ ಗದ್ದೆ ಒಣಗುತ್ತದೆ, ಪೇಟೆಯಲ್ಲಿ ಅಕ್ಕಿಯ ಬೆಲೆ ಎಷ್ಟು ದಿನಕ್ಕೆ ಏರುತ್ತದೆ? ಗೋವೆಯಿಂದ ಕುದುರೆ ಬರುವುದು ತಪ್ಪಿದರೆ ದಂಡಿನಲ್ಲಿ ಯಾರಿಗೆ ಮೊದಲು ಗೊತ್ತಾಗುತ್ತದೆ, ಆ ಸುದ್ದಿಯನ್ನು ಆತ ಯಾರಿಗೆ ಹೇಳುತ್ತಾನೆ? ಇವಕ್ಕೆ ಉತ್ತರ ಹುಡುಕಲು ಹೊರಟವರು ಅರ್ಧ ದಾರಿಯಲ್ಲಿ ತಾವು ಚರಿತ್ರೆ ಓದುತ್ತಿರುವುದನ್ನು ಕಾಣುತ್ತಾರೆ.

ಎರಡು ಹಾದಿಗಳಲ್ಲೂ ಕೊಡಬೇಕಾದ್ದನ್ನು ಕೊಡಲೇಬೇಕಾಯಿತು. ಸುಜುಕಿಯವರ ಊರು ನಿಂತಿದೆ, ಅವರ ಕಥೆ ನಿಂತಲ್ಲೇ ಇದೆ. ಆಡಮ್ಸ್ ಸೋದರರಿಗೆ ಕೊನೆಗೆ ಹಣ ಬಂದಾಗ ಅವರು ನಡುವಯಸ್ಸು ಮುಟ್ಟಿದ್ದರು. ಹಣ ಬಂದ ಮೇಲೆ ಟಾರ್ನ್ ಮಾಡಿದ್ದು, ಅದುವರೆಗೆ ದಿನಾ ಮಾಡುತ್ತಿದ್ದ ಕೆಲಸವನ್ನೇ. ಸೇರಿಸಬೇಕಾದ್ದರ ಪಟ್ಟಿಯಲ್ಲಿ ಇನ್ನೂ ಬಹಳ ಉಳಿದಿತ್ತು. ಅದು ಮುಗಿಯಲು ಇನ್ನೊಂದು ಇಪ್ಪತ್ತು ವರ್ಷವಾದರೂ ಬೇಕು ಎಂಬ ಲೆಕ್ಕಾಚಾರದಲ್ಲೇ ಅವರು ಮೊದಲಿಂದಲೂ ಇದ್ದರು.